ಬ್ರೇಕ್ ಒತ್ತಿದ್ದು ಯಾರು

ಸ್ಯಾನ್ ಹೊಸೆಯ ಕಾರು ರಿಪೇರಿ ಮಾಡುವ ಬಾಡಿ ಶಾಪಿನಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು. ಹುಡುಗಿಯ ಅಪ್ಪ ಹೊರಗೆ ಮೆಕ್ಯಾನಿಕ್‌ಗೆ ತಮ್ಮ ಕಾರಿನ ನಜ್ಜುಗುಜ್ಜಾದ ಬಂಪರ್ ತೋರಿಸುತ್ತಿದ್ದರು.

"ಶರಣ್ಯಾ, ತಾಹೋ ಬೆಟ್ಟದ ಹಿಮದಲ್ಲಿ ಕಾರು ಜಾರಿದಾಗ ನೀನೇನಾ ಓಡಿಸ್ತಿದ್ದಿದ್ದು?"

"ಹೂಂ. ಪ್ರಾಕ್ಟೀಸ್ ಮಾಡು ಅಂತ ಅಪ್ಪಾನೇ ಕೊಟ್ರು."

"ಐಸ್ ಮೇಲೆ ಜಾರಿದ್ರೆ ಏನ್ ಮಾಡ್ಬೇಕು ಅಂತ ಡ್ರೈವಿಂಗ್ ಕ್ಲಾಸಲ್ಲಿ ಹೇಳ್ಕೊಟ್ರು?"

"ಗ್ಯಾಸ್ ಪೆಡಲಿಂದ, ಅಂದ್ರೆ ಆಕ್ಸಿಲರೇಟರಿಂದ, ಕಾಲು ತೆಗೀಬೇಕು. ಹೋಗ್ಬೇಕಾದ ಕಡೆ ಸ್ಟಿಯರಿಂಗ್ ಮೆತ್ತಗೆ ತಿರುಗಿಸ್ಬೇಕು. ಬ್ರೇಕ್ ಜೋರಾಗಿ ಒತ್ತಬಾರದು."

"ಇಷ್ಟು ಗೊತ್ತಿದೆ ನಿಂಗೆ. ಬ್ರೇಕ್ ಜೋರಾಗಿ ಒತ್ತಿದ್ದಕ್ಕೇ ಕಂಬಕ್ಕೆ ಹೊಡೀತು ಅಂತಾರೆ ನಿಮ್ಮಪ್ಪ. ಒತ್ತಿದ್ದು ಯಾರು?"

ಹುಡುಗಿ ಗಾಜಿನಾಚೆ ಅಪ್ಪನನ್ನು ನೋಡಿದಳು.

"ನಿಜವಾಗ್ಲೂ ಓಡಿಸ್ತಿದ್ದಿದ್ದು ಯಾರು ಅಂತ ಹೇಳ್ಬೇಡ ಅಂದಿದಾರೆ ಅಪ್ಪ, ಅಮ್ಮ."

ಅಪ್ಪ ಒಳಗೆ ಬಂದು, "ರಮಾ, ಹೊರಡೋಣ್ವಾ?" ಅಂದರು.

"ಕೀ ಅವಳಿಗೆ ಕೊಡಿ. ಮನೆಗೆ ಅವಳೇ ಓಡಿಸ್ತಾಳೆ."

ಅವರು ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು, ಕೀ ಕೊಟ್ಟರು. ಮೂವರೂ ಹೊರಗೆ ಹೋದರು.