ಗುಬ್ಬಿಯ ಹಲಗೆ ಮಂಚ

ದೀಪ ಸಣ್ಣ ಮಾಡಿ. ದನಿಯನ್ನೂ. ಪಕ್ಕದ ಕೋಣೆಯಲ್ಲಿ ಅಕ್ಕ ಮಲಗಿದಾಳೆ, ಅವಳ ಕಿವಿಗೆ ಬೀಳಬಾರದು.

ಇದು ಅವಳದೇ ಕತೆ. ನನ್ನ ದೊಡ್ಡಮ್ಮನ ಮಗಳು ಅವಳು. ಭಾವ ಬಡಗಿ. ನನಗೆ ಹೇಳಿದ್ದು ಭಾವ... ಒಂದೇ ಸಲ ಹೇಳಿದ್ದು. ಆಮೇಲೆ ಆ ವಿಷಯಕ್ಕೆ ಬಾಯಿ ಬಿಟ್ಟಿಲ್ಲ.

ಉತ್ತರದ ಕಡೆ ಒಂದು ಬಂದರಿನ ಊರು. ಇಬ್ಬರೂ ಮೀನಿನ ಗೋದಾಮಿನಿಂದ ತಮ್ಮ ವ್ಯಾನಿಗೆ ನಡಕೊಂಡು ಬರ್ತಿದ್ರು. ಹೊತ್ತಾಗಿತ್ತು. ದಾರಿಯಲ್ಲಿ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಮುಚ್ಚಳ. ಗಾಳಿ ಬೀಸಿದಾಗೆಲ್ಲ ಆ ಮುಚ್ಚಳ ಗೊಂಯ್ ಅಂತಿತ್ತು. ಅದನ್ನ ದಾಟಿದ್ರು. ವ್ಯಾನು ಕಾಣಿಸ್ತಿತ್ತು... ಆಗ ಭಾವ ನಿಂತುಬಿಟ್ರು.

ಕರ್ರ್... ಟಕ್.

ವ್ಯಾನಿನ ಒಳಗಿಂದ.

ಬೇರೆಯವರಾಗಿದ್ರೆ ಏನೋ ಸದ್ದು ಅಂತ ಸುಮ್ಮನಾಗ್ತಿದ್ರು. ಆದರೆ ಆ ವ್ಯಾನಿನ ಒಂದೊಂದು ಹಲಗೆಯನ್ನೂ ಕೂರಿಸಿದ್ದು ಭಾವನೇ. ಯಾವ ಕದ, ಯಾವ ಡ್ರಾಯರು ಅಂತ ಕಣ್ಣು ಮುಚ್ಚಿ ಹೇಳ್ತಿದ್ರು. ಇದು ಗುಬ್ಬಿಯ ಮಂಚ. ಗೋಡೆಗೆ ಮಡಚಿಟ್ಟ ಹಲಗೆಯನ್ನ ಕೆಳಗಿಳಿಸಿದರೆ ಕೊಂಡಿ ಬೀಳುತ್ತಲ್ಲ, ಆ ಸದ್ದು.

ಗುಬ್ಬಿ ಅಂದ್ರೆ ಇವರ ಒಬ್ಬಳೇ ಮಗಳು. ಅವಳು ಕಾಣೆಯಾಗಿ ವರ್ಷ ಆಗ್ತಾ ಬಂದಿತ್ತು.

ಆ ವ್ಯಾನು ಮೊದಲು ಬ್ರೆಡ್ ಸಾಗಿಸ್ತಿದ್ದ ಗಾಡಿ. ಭಾವ ಅದನ್ನ ಕೊಂಡು ಒಳಗೆ ಒಲೆ, ಬೇಸಿನ್, ಮೂವರಿಗೂ ಮಲಗೋಕೆ ಜಾಗ, ಎಲ್ಲ ಮಾಡಿದ್ರು. ಎಷ್ಟು ಇಕ್ಕಟ್ಟು ಅಂದ್ರೆ ಒಬ್ಬರು ಮಗ್ಗಲು ಬದಲಿಸಿದ್ರೆ ಇನ್ನಿಬ್ಬರು ಉಸಿರು ಹಿಡೀಬೇಕು. ಚಾಲಕನ ಸೀಟಿಗೂ ಹಿಂದಿನ ಮನೆಗೂ ನಡುವೆ ಗಟ್ಟಿ ಹಲಗೆ ಗೋಡೆ ಹಾಕಿದ್ರು, ಚಳಿ ಬರಬಾರದು ಅಂತ. ಹಿಂದೆ ಹೋಗೋಕೆ ಪಕ್ಕದಲ್ಲಿ ಒಂದೇ ಬಾಗಿಲು, ಗುಬ್ಬಿಯ ಮಂಚದ ಮೇಲ್ಗಡೆ ಅಂಗೈ ಅಗಲದ ಒಂದು ಕಿಟಕಿ. ಗುಬ್ಬಿಗೆ ರಜೆ ಸಿಕ್ಕಾಗ ಮೂವರೂ ಊರೂರು ಸುತ್ತಬೇಕು ಅನ್ನೋ ಆಸೆ.

ಗುಬ್ಬಿ ಕೆಲಸ ಮಾಡ್ತಿದ್ದದ್ದು ಫೆರಿಯ ಅಡುಗೆಮನೆಯಲ್ಲಿ. ಫೆರಿ ಅಂದ್ರೆ ಕಾರು ಲಾರಿಗಳನ್ನೂ ಹೊಟ್ಟೆಯಲ್ಲಿ ಹಾಕ್ಕೊಂಡು ಹೋಗೋ ಹಡಗು. ಒಂದು ಸಂಜೆ ತರಕಾರಿ ಸಿಪ್ಪೆ ಎಸೆಯೋಕೆ ಬಕೆಟ್ ಹಿಡ್ಕೊಂಡು ಮೇಲೆ ಹೋದಳು. ಬಕೆಟ್ ಅಲ್ಲೇ ಇತ್ತು. ಅವಳಿರಲಿಲ್ಲ. ಕಾಲು ಜಾರಿರಬೇಕು ಅಂದ್ರು. ಸ್ವಲ್ಪ ದಿನ ಹುಡುಕಿದ್ರು, ಬಿಟ್ರು.

ದೇಹ ಸಿಗಲಿಲ್ಲ. ಅಷ್ಟು ಸಾಕಾಯ್ತು ಅಕ್ಕನಿಗೆ. ಯಾವುದೋ ಮೀನಿನ ದೋಣಿಯವರು ಎತ್ತಿ ಉಳಿಸಿರ್ತಾರೆ, ಯಾವುದೋ ಊರಿನ ಆಸ್ಪತ್ರೆಯಲ್ಲಿ ಹೆಸರು ಮರೆತು ಮಲಗಿರ್ತಾಳೆ... ಇದೇ ಮಾತು. ಮನೆಗೆ ಬೀಗ ಹಾಕಿ ಆ ವ್ಯಾನಲ್ಲೇ ಹೊರಟರು. ಕರಾವಳಿ ಹಿಡಿದು ಉತ್ತರಕ್ಕೆ. ರಸ್ತೆ ಮುಗಿದಲ್ಲಿ ಫೆರಿ, ಫೆರಿ ಇಳಿದಲ್ಲಿ ಮತ್ತೆ ರಸ್ತೆ. ಪ್ರತಿ ಊರಲ್ಲೂ ಫೋಟೋ ತೋರಿಸೋದು. ಬಲೆ ಹೊಲಿಯೋರು, ನರ್ಸುಗಳು, ಮೀನು ಕೊಯ್ಯೋ ಹೆಂಗಸರು... ಎಲ್ಲರೂ ಫೋಟೋನ ಬೆಳಕಿಗೆ ತಿರುಗಿಸಿ ಚೆನ್ನಾಗಿ ನೋಡ್ತಿದ್ರಂತೆ. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸ್ತಿದ್ರಂತೆ. ಭಾವನಿಗೆ ಮೊದಲಿಂದಲೂ ನಂಬಿಕೆ ಇರಲಿಲ್ಲ. ತಾನು ಒಲ್ಲೆ ಅಂದ್ರೆ ಇವಳು ನಡಕೊಂಡೇ ಹೊರಡ್ತಾಳೆ ಅಂತ ಗಾಡಿ ಓಡಿಸ್ತಿದ್ರು, ಅಷ್ಟೆ.

ಆ ರಾತ್ರಿ ಬೀಗ ತೆಗೆದು ನೋಡಿದ್ರೆ ಮಂಚ ಕೆಳಗಿಳಿದಿತ್ತು. ಹಾಸಿಗೆ ತೊಯ್ದು ತೊಪ್ಪೆ. ಅಂಚಿಂದ ನೀರು... ತೊಟ್... ತೊಟ್. ಅಕ್ಕ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪು.

ಕೊಂಡಿ ಸಡಿಲ ಆಗಿದೆ, ಚಾವಣಿ ಸೋರಿದೆ ಅಂದ್ರು ಭಾವ. ಹೊಸ ಕೊಂಡಿ ಹಾಕಿದ್ರು. ಅವತ್ತು ಬೆಳಗ್ಗೆ ಫೆರಿ ಇಳಿದಾಗಿಂದ ಮಳೆ ಬಂದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಮುಂದಿನ ಊರಿಗೆ ಮತ್ತೆ ಫೆರಿ. ಹಡಗು ಹೊರಟ ಮೇಲೆ ಗಾಡಿಗಳಿರೋ ಕೆಳಗಿನ ಅಂತಸ್ತಲ್ಲಿ ಯಾರೂ ಇರೋ ಹಾಗಿಲ್ಲ, ಎಲ್ಲರೂ ಮೇಲೆ ಹೋಗಬೇಕು. ಇಳಿಯೋ ಹೊತ್ತಿಗೆ ಬಂದು ಬಾಗಿಲು ತೆಗೆದ್ರೆ... ಮಂಚ ಇಳಿದಿತ್ತು. ಈ ಸಲ ದಿಂಬಿನಲ್ಲಿ ತಲೆ ಇಟ್ಟ ಗುಳಿ ಬೇರೆ. ಅದರ ಮುಂದಿನ ಊರಲ್ಲೂ ಹಾಗೇ. ಬರೀ ರಸ್ತೆಯಲ್ಲಿ ಹೋದ ದಿನ ಏನೂ ಇಲ್ಲ. ಸಮುದ್ರ ದಾಟಿದ ದಿನ ಮಾತ್ರ.

ಅಲ್ಲಿಂದ ಅಕ್ಕ ಫೋಟೋ ತೋರಿಸೋದು ಬಿಟ್ಟಳು. ಭಾವನಿಗೆ ಹೆದರಿಕೆ ಆಗಿದ್ದು ಅದಕ್ಕೇ. ಒಂದು ಊರಲ್ಲಿ ಇಳಿದ ಕೂಡಲೇ ಮುಂದಿನ ಫೆರಿ ಯಾವಾಗ ಅಂತ ಕೇಳ್ತಿದ್ದಳು. ಮಂಚಕ್ಕೆ ಒಣಗಿದ ಹೊದಿಕೆ ಹಾಸ್ತಿದ್ದಳು, ಫ್ಲಾಸ್ಕಿನಲ್ಲಿ ಬಿಸಿ ಹಾಲು ಇಡ್ತಿದ್ದಳು. ಒಂದು ದಿನ ಪಾತ್ರೆ ತೊಳೀತಾ ಹಾಡು ಗುನುಗಿದಳು. ಮಗಳು ಹೋದಮೇಲೆ ಅವಳ ಬಾಯಲ್ಲಿ ಹಾಡು ಕೇಳಿದ್ದು ಅದೇ ಮೊದಲು. ಭಾವ ವ್ಯಾನಿನ ಹಿಂದೆ ಹೋಗಿ ನಿಂತು ಅತ್ತರಂತೆ.

ಆಮೇಲೆ ಅಕ್ಕ ಹಟ ಹಿಡಿದಳು, ದಾಟುವಾಗ ತಾನು ಒಳಗೇ ಇರ್ತೀನಿ ಅಂತ. ಭಾವ ಒಪ್ಪಲಿಲ್ಲ. ಮೊದಲು ನಾನಿರ್ತೀನಿ, ಮುಂದಿನ ಸಲ ನೀನು ಅಂದ್ರು. ಮಾತು ಕೊಟ್ರು. ಅಕ್ಕ ಹೊರಗಿಂದ ಬೀಗ ಹಾಕಿ, ಬೀಗದ ಕೈ ಮುಷ್ಟಿಯಲ್ಲಿ ಹಿಡ್ಕೊಂಡು ಮೇಲೆ ಹೋದಳು.

ಒಳಗೆ ಕತ್ತಲು. ಕೆಳಗೆ ಎಂಜಿನ್ ದುಡು ದುಡು ಅಂತಿತ್ತು. ಗಾಡಿಗಳನ್ನ ಕಟ್ಟಿದ ಸರಪಳಿ ಕಿಣಿ ಕಿಣಿ. ಭಾವ ನೆಲದ ಮೇಲೆ ಕೂತಿದ್ರು. ದಡ ದೂರಾಯ್ತು... ಚಳಿ ಏರಿತು... ಕಡಲ ಪಾಚಿಯ ವಾಸನೆ.

ಕರ್ರ್... ಟಕ್.

ಹಾಸಿಗೆ ಮೇಲೆ ಯಾರೋ ಕೂತ ಭಾರ. ಹಲಗೆ ನರಳಿತು.

"ಗುಬ್ಬೀ..."

"ಹೂಂ ಅಪ್ಪ."

ಅದೇ ದನಿ. ಸ್ವಲ್ಪ ಶೀತ ಆದ ಹಾಗೆ.

"ಚಳಿ ಆಗ್ತಿದೆಯಾ ಮಗಾ?"

"ತುಂಬ."

"ಮನೆಗೆ ಹೋಗೋಣ. ನಾನು ಕರ್ಕೊಂಡು ಹೋಗ್ತೀನಿ."

ಹಾಸಿಗೆ ಅಂಚಿಂದ ನೀರು. ತೊಟ್... ತೊಟ್...

"ಬಾಗಿಲು ತೆಗೀಬೇಡಿ ಅಪ್ಪ. ನೀವು ತೆಗೆದಾಗೆಲ್ಲ ನಾನು ಮತ್ತೆ ನೀರಲ್ಲಿರ್ತೀನಿ."

ಅಷ್ಟೇ ಅಂದಿದ್ದು. ಆಮೇಲೆ ಉಸಿರಿನ ಸದ್ದು ಮಾತ್ರ.

ಹಡಗು ದಡ ಮುಟ್ಟಿತು. ಅಕ್ಕ ಓಡಿ ಬಂದಳು. ಭಾವ ಒಳಗಿಂದ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರು, ತೆಗೀಬೇಡ, ಅವಳು ಇಲ್ಲೇ ಇದಾಳೆ, ತೆಗೆದ್ರೆ ಹೋಗ್ತಾಳೆ. ಆದರೆ ಗಾಡಿ ಯಾರು ಓಡಿಸಬೇಕು? ಅಕ್ಕನಿಗೆ ಬರಲ್ಲ. ಭಾವ ಸೀಟಿಗೆ ಬರಬೇಕಂದ್ರೆ ಇದೇ ಬಾಗಿಲಲ್ಲಿ ಇಳೀಬೇಕು. ಹಲಗೆ ಗೋಡೆ ಒಡೆಯೋಣ ಅಂದ್ರೆ ಹತಾರಗಳ ಪೆಟ್ಟಿಗೆ ಮುಂದಿನ ಸೀಟಿನ ಕೆಳಗೆ. ಹಿಂದಿದ್ದ ಲಾರಿಗಳು ಹಾರ್ನ್ ಹೊಡೀತಿದ್ವು. ಕೊನೆಗೆ ಹಡಗಿನ ಕೆಲಸದವನೊಬ್ಬ ಗೊಣಗ್ತಾ ವ್ಯಾನನ್ನ ದಡಕ್ಕಿಳಿಸಿ, ಒಂದು ಮೂಲೆಗೆ ನಿಲ್ಲಿಸಿ ಹೋದ.

ಎಲ್ಲರೂ ಹೋದರು. ಬಂದರಿನ ದೀಪಗಳು ಆರಿದವು, ಕಿಟಕಿಯಲ್ಲಿ ಇಣುಕಿದ್ರೂ ಬರೀ ಕತ್ತಲು. ಹೊರಗೆ ಅಕ್ಕ, ಒಳಗೆ ಭಾವ, ನಡುವೆ ಬೆರಳು ದಪ್ಪದ ಹಲಗೆ. ಭಾವ ಬಿಡಿಸಿ ಹೇಳಿದ್ರು... ಬೆಳಗಾಗಲಿ, ಯಾರಾದ್ರೂ ಡ್ರೈವರ್ ಹುಡುಕು, ಹೀಗೇ ಮನೆವರೆಗೆ ಹೋಗಿಬಿಡೋಣ. ಅಕ್ಕ ಹೂಂ ಅಂದಳು. ಹಣೆಯನ್ನ ಬಾಗಿಲಿಗೆ ಒತ್ತಿ ನಿಂತಿದ್ದಳಂತೆ. ಒಳಗೆ ಮಂಚದ ಮೇಲೆ ಉಸಿರು... ಒಂದು ಸಣ್ಣ ಕೆಮ್ಮು.

ಆ ಕೆಮ್ಮು ಅಕ್ಕನಿಗೂ ಕೇಳಿಸಿತು.

"ರೀ, ಒಂದೇ ಒಂದು ಸಲ ಮುಖ ನೋಡ್ತೀನಿ," ಅಂದಳು.

ಭಾವ ಹಿಡಿಗೆ ಕೈ ಹಾಕೋ ಮೊದಲೇ ಬೀಗ ತಿರುಗಿತ್ತು.

ಬಾಗಿಲಿಂದ ನೀರು ಧೋ ಅಂತ ಹೊರಗೆ ಸುರೀತು. ಅಕ್ಕನ ಮೊಣಕಾಲವರೆಗೂ ಒದ್ದೆ. ಮಂಚ ಖಾಲಿ.

ಆಮೇಲೂ ದಾಟಿದ್ರು. ಆ ಕಡೆ, ಈ ಕಡೆ, ಅದೇ ಫೆರಿ, ಅದೇ ನೀರು. ಪ್ರತಿ ಸಲ ಅಕ್ಕನೇ ಒಳಗೆ ಕೂರ್ತಿದ್ದಳು. ಮಂಚ ಗೋಡೆಗೆ ಅಂಟಿಕೊಂಡೇ ಇತ್ತು. ಚಳಿಗಾಲ ಬಂದು ಫೆರಿ ನಿಲ್ಲೋ ಹೊತ್ತಾಯ್ತು. ವಾಪಸ್ ಬಂದ್ರು.

ಭಾವ ಅವಳನ್ನ ಒಂದು ಮಾತು ಅಂದಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತೇನೋ. ಇಬ್ಬರೂ ಒಂದೇ ಮನೆಯಲ್ಲಿ ಇದಾರೆ, ಹೊತ್ತು ಹೊತ್ತಿಗೆ ಉಣ್ತಾರೆ. ಬಾಗಿಲು ಯಾರಾದ್ರೂ ಬಡಿದ್ರೆ ಅಕ್ಕ ಮಾತ್ರ ಎದ್ದು ಹೋಗಲ್ಲ. ನಾವೇ ತೆಗೀಬೇಕು.

ನನಗೆ ಸುಳ್ಳು ಹೇಳಿ ಏನಾಗಬೇಕು? ವ್ಯಾನು ಹಿತ್ತಲಲ್ಲೇ ನಿಂತಿದೆ, ಟೈರುಗಳಲ್ಲಿ ಗಾಳಿ ಇಲ್ಲ. ಹೋದ ತಿಂಗಳು ಬಿರುಬಿಸಿಲು, ನೆಲ ಮುಟ್ಟೋಕಾಗ್ತಿರಲಿಲ್ಲ. ಗುಬ್ಬಿಯ ಮಂಚದ ಮೇಲಿನ ಕಿಟಕಿ ಮಸುಕಾಗಿತ್ತು. ಧೂಳು ಅಂದ್ಕೊಂಡು ಸೆರಗಲ್ಲಿ ಒರೆಸಿದೆ. ಹೋಗಲಿಲ್ಲ.

ಉಸಿರು ಬಿಟ್ಟಾಗ ಗಾಜಿನ ಮೇಲೆ ಕೂರುತ್ತಲ್ಲ, ಅಂಥ ಆವಿ. ಒಳಗಡೆಯದು.