ಬೇಡನ ಹಗ್ಗ ಹಿಡಿದವನ ಎರಡು ಮಾತು

ಹಗ್ಗ ಬಿಟ್ಟವ ನಾನೇ. ಎಡಗಡೆಯ ಹಗ್ಗ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಯಾಕೆಂದರೆ ನಾನು ಮೈಕಿನ ಹತ್ತಿರ ಬಂದಾಗಿನಿಂದ ಹಿಂದಿನ ಬೆಂಚಿನವರು “ಹಗ್ಗ, ಹಗ್ಗ” ಅಂತ ಕೂಗುತ್ತಾ ಇದ್ದಾರೆ. ಹಾಗೆ ಕೂಗಿದರೆ ನನಗೆ ವೇದಿಕೆಯ ಮೇಲೆ ಇರುವವರ ಹೆಸರೆಲ್ಲ ಮರೆತುಹೋಗುತ್ತದೆ.

ಈಗ ಕ್ರಮಪ್ರಕಾರ ಶುರು ಮಾಡುತ್ತೇನೆ. ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ನಿನ್ನೆ ಬಿದ್ದ ಕುರ್ಚಿಯಲ್ಲೇ ಇವತ್ತೂ ಧೈರ್ಯ ಮಾಡಿ ಬಂದು ಕೂತಿರುವ ಮುಖ್ಯ ಅತಿಥಿ ನಾಗಪತಿ ಹೆಗಡೆ ಮಾಸ್ತರರೇ, ಸಾಂಸ್ಕೃತಿಕ ವಿಭಾಗದ ಜಯಾ ಮೇಡಂ ಅವರೇ, ವಿದ್ಯಾರ್ಥಿ ಮಿತ್ರರೇ, ಹಪ್ಪಳ ಕರಿಯುವ ವಾಸನೆ ಬಂದರೂ ಏಳದೆ ಕೂತಿರುವ ಪಾಲಕರೇ, ಮತ್ತು ಸಭಿಕರೇ.

ವಸಂತೋತ್ಸವದ ಸಮಾರೋಪದಲ್ಲಿ ಮಾತಾಡಲಿಕ್ಕೆ ನನಗೆ ಎಂತ ಯೋಗ್ಯತೆ ಇದೆ? ನಾನು ಕಲಿತದ್ದು ನಾಲ್ಕನೇ ಇಯತ್ತೆ. ಕಲಿತದ್ದು ಅಂದರೆ, ನಾಲ್ಕನೆಯದರ ಒಳಗೆ ಹೋದದ್ದು ನಿಜ. ಹೊರಗೆ ಬಂದದ್ದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಆದರೆ ಈ ಕಾಲೇಜಿನ ಹತ್ತಿರ ನನ್ನಷ್ಟು ಕಾಲ ಇದ್ದವರು ಯಾರಿದ್ದಾರೆ ಹೇಳಿ? ಮಕ್ಕಳು ಮೂರು ವರ್ಷಕ್ಕೆ ಹೋಗುತ್ತಾರೆ. ಪ್ರಾಂಶುಪಾಲರಿಗೆ ವರ್ಗ ಆಗುತ್ತದೆ. ಗೇಟಿನ ಎದುರು ಕಬ್ಬಿನ ಹಾಲಿನ ಗಾಡಿ ಇಟ್ಟ ಈ ಕೆರಿಯಪ್ಪ ಮಾತ್ರ ಇಟ್ಟಲ್ಲೇ ಇದ್ದಾನೆ. ಹಾಗೆ ನೋಡಿದರೆ ಈ ಕಾಲೇಜಿನ ಅತಿ ಹಳೆಯ ವಿದ್ಯಾರ್ಥಿ ನಾನೇ. ಪಾಸಾಗದೆ ಉಳಿದವ.

ಉತ್ಸವ ಬಹಳ ಚೆನ್ನಾಯಿತು. ರಂಗೋಲಿ ಚೆನ್ನಾಯಿತು. ಮಿಮಿಕ್ರಿ ಚೆನ್ನಾಯಿತು, ನನ್ನ ಗಾಡಿಯ ಗಂಟೆಯನ್ನೂ ನನ್ನ ಕೆಮ್ಮನ್ನೂ ಒಬ್ಬ ಎಷ್ಟು ಸರಿಯಾಗಿ ಮಾಡಿದನೆಂದರೆ ನಾನೇ ಎದ್ದು “ಎಷ್ಟು ಗ್ಲಾಸು?” ಅಂದೆ. ಬೆಂಕಿಯಿಲ್ಲದ ಅಡುಗೆ ಅಂತ ಒಂದು ಸ್ಪರ್ಧೆ ಇತ್ತು. ಅದು ನಮ್ಮ ಮನೆಯಲ್ಲಿ ಗ್ಯಾಸು ಮುಗಿದಾಗೆಲ್ಲ ಇರುತ್ತದೆ, ನನ್ನ ಹೆಂಡತಿ ದೇವಿಗೆ ಯಾರೂ ಇಲ್ಲಿಯವರೆಗೆ ಪ್ರೈಜು ಕೊಟ್ಟಿಲ್ಲ. ಎಲ್ಲವೂ ಚೆನ್ನಾಯಿತು. ನಿನ್ನೆ ಮಧ್ಯಾಹ್ನ ನಾನು ಮೈದಾನಕ್ಕೆ ಇಳಿಯುವವರೆಗೆ ಎಲ್ಲವೂ ಚೆನ್ನಾಗಿತ್ತು.

ಜಯಾ ಮೇಡಂ ನನಗೆ ಹೇಳಿದ್ದು ಇಷ್ಟೇ: “ಕೆರಿಯಪ್ಪ, ಎರಡು ಮಾತಲ್ಲಿ ಕ್ಷಮೆ ಕೇಳಿ ಇಳಿದುಬಿಡಿ.” ಮೇಡಂ, ನನ್ನ ಎರಡು ಮಾತು ಎಷ್ಟು ಉದ್ದ ಅಂತ ನಿಮಗೆ ಗೊತ್ತಿರಬೇಕಿತ್ತು. ಆದರೆ ಊಟ ಆದ ಕೂಡಲೇ ಕಮಿಟಿ ಕೂರುತ್ತದೆ. ಬೇಡನ ವೇಷ ಹಾಕಿದ ತನುಜಾ ಧಾರವಾಡದ ಯುವಜನೋತ್ಸವಕ್ಕೆ ಹೋಗಬೇಕೋ ಬೇಡವೋ ಅಂತ ಅಲ್ಲಿ ತೀರ್ಮಾನ ಆಗುತ್ತದೆ. ಹಾಗಾಗಿ ಊಟಕ್ಕಿಂತ ಮೊದಲು ನಾನು ಸ್ವಲ್ಪ ಮಾತಾಡಲೇಬೇಕು.

ಶಿರಸಿಯವರಿಗೆ ಬೇಡರ ವೇಷ ಎಂತ ಅಂತ ಹೇಳಬೇಕಾ? ಬೇಡ. ಆದರೆ ಕಿರವತ್ತಿ, ಮಂಚಿಕೇರಿ ಕಡೆಯಿಂದ ಬಂದ ಪಾಲಕರೂ ಇದ್ದಾರೆ. ಅವರಿಗಾಗಿ ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ, ಹೋಳಿಯ ಹೊತ್ತಿಗೆ ನಮ್ಮ ಪೇಟೆಯಲ್ಲಿ ಬೇಡ ಇಳಿಯುತ್ತಾನೆ. ಕೆಂಪು ಬಟ್ಟೆ, ದಪ್ಪ ಮೀಸೆ, ಬೆನ್ನ ಮೇಲೆ ನವಿಲುಗರಿಯ ದೊಡ್ಡ ಪ್ರಭಾವಳಿ, ಕೈಯಲ್ಲಿ ಕತ್ತಿ ಗುರಾಣಿ. ತಮಟೆ ಬಡಿದ ಹಾಗೆ ಜನರ ಮೇಲೆ ಹಾರಿಹಾರಿ ಬರುತ್ತಾನೆ. ಹಾರಿದವ ಹಾರಿಯೇ ಹೋಗಬಾರದಲ್ಲ? ಅದಕ್ಕೆ ಅವನ ಸೊಂಟಕ್ಕೆ ಹಗ್ಗ. ಹಿಂದೆ ಇಬ್ಬರು ಹಿಡಿದುಕೊಳ್ಳುತ್ತಾರೆ. ಬೇಡನ ಫೋಟೋ ಎಲ್ಲರ ಮನೆಯಲ್ಲೂ ಇರುತ್ತದೆ. ಆ ಫೋಟೋದ ಮೂಲೆಯಲ್ಲಿ ಅರ್ಧ ಮೊಣಕೈ ಕಾಣುತ್ತದಲ್ಲ, ಅದು ನಾನು.

ನಾನೂ ಒಮ್ಮೆ ವೇಷ ಹಾಕಿದ್ದೆ. ನಗಬೇಡಿ. ಬೇಡನಾಗಬೇಕಿದ್ದವನಿಗೆ ಜ್ವರ ಬಂತು, ಬಟ್ಟೆ ನನಗೆ ಹತ್ತಿತು, ಅಂದರೆ ಹೊಟ್ಟೆಯ ಮೇಲಿನ ಗುಂಡಿ ಒಂದನ್ನು ಬಿಟ್ಟು. ಹೊಸ ಮಾರುಕಟ್ಟೆಯ ತಿರುವಿನಲ್ಲಿ ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿ, ಗರ್ಜಿಸಿ ಹಾರಿದೆ. ಎದುರಿಗಿದ್ದ ಸಣ್ಣ ಕೂಸೊಂದು ಹೆದರಿ ಓಡಬೇಕಿತ್ತು. ಅದು ಅಂಗಿ ಕಿಸೆಯಿಂದ ಪೆಪ್ಪರ್‌ಮೆಂಟು ತೆಗೆದು ಕೈ ಮುಂದೆ ಮಾಡಿ, “ಮಾಮಾ, ಸುಸ್ತಾಯ್ತಾ?” ಅಂತ ಕೇಳಿತು. ಸುಸ್ತಾಗಿತ್ತು. ತಿಂದೆ. ಮುಂದಿನ ಸಲದಿಂದ ಹಗ್ಗಕ್ಕೆ ವಾಪಸ್ ಬಂದೆ. ಕೆಲವರ ಮುಖ ಹೆದರಿಸಲಿಕ್ಕೆ ಹುಟ್ಟಿರುತ್ತದೆ. ನನ್ನದು ಕಬ್ಬಿನ ಹಾಲು ಮಾರಲಿಕ್ಕೆ.

ಅದಕ್ಕೇ ಸಭಿಕರೇ, ಹೆದರಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಈ ತನುಜಾ ಇದ್ದಾಳಲ್ಲ, ಸಿದ್ದಾಪುರದ ಬಸ್ಸಿಗೆ ಬರುವ ಹುಡುಗಿ, ಬಿ.ಎ. ಕೊನೆಯ ವರ್ಷ. ನನ್ನ ಗಾಡಿಯ ಹತ್ತಿರ ಬಂದರೆ “ಮಾವಾ, ಶುಂಠಿ ಹಾಕಿ” ಅನ್ನಲಿಕ್ಕೂ ಗೆಳತಿಯ ಕಿವಿಯಲ್ಲಿ ಹೇಳಿ, ಗೆಳತಿಯಿಂದ ಹೇಳಿಸುತ್ತಿದ್ದಳು. ಅಂಥವಳು ಹೋದ ತಿಂಗಳು ಬಂದು, “ಮಾವಾ, ನಂಗೆ ಬೇಡನ ಹೆಜ್ಜೆ ಹೇಳ್ಕೊಡ್ತ್ರಾ?” ಅಂತ ಕೇಳಿದಳು. ಹುಡುಗಿಗೆ ಬೇಡರ ವೇಷವಾ ಅಂತ ಕೆಲವರು ಮೂಗು ಮುರಿದರು. ನಾನೂ ಸ್ವಲ್ಪ ಮುರಿದೆ, ನನಗೆ ಇರುವುದೇ ಸಣ್ಣ ಮೂಗು. ಗಾಡಿಯ ಹಿಂದಿನ ಬಯಲಲ್ಲಿ ಒಂದು ಸಲ ಹಾರಿ ತೋರಿಸು ಅಂದೆ. ಹಾರಿದಳು. ನಾನು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದೆ. ಎದ್ದು ನೋಡುವಾಗ ರಾಶಿಯ ಆಚೆ ಇದ್ದೆ.

ಈಗ ನಿನ್ನೆಯ ವಿಚಾರ. ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇದೆ. ತನುಜಾ ಹಾರುತ್ತಾಳೆ, ಹಗ್ಗ ಹೋಗುತ್ತದೆ, ಕತ್ತಿ ಎತ್ತಿಕೊಂಡು ಅತಿಥಿಗಳ ಸಾಲಿನ ಮೇಲೆ ಹೋಗುತ್ತಾಳೆ, ಹೆಗಡೆ ಮಾಸ್ತರರು ಕುರ್ಚಿ ಸಮೇತ ಹಿಂದಕ್ಕೆ ಬೀಳುತ್ತಾರೆ. ಆಮೇಲೆ ಬರೀ ಚಪ್ಪಲಿ ಕಾಣುತ್ತದೆ. ಯಾಕೆಂದರೆ ವಿಡಿಯೋ ಮಾಡಿದವನೂ ಓಡಿದ. ತಮಟೆಯವರು ಓಡಿದರು. “ಹಿಡೀರಿ, ಹಿಡೀರಿ!” ಅಂತ ಕೂಗುತ್ತಾ ಮುಂಡಗೋಡದ ಕಡೆಯ ಒಬ್ಬರು ಎಲ್ಲರಿಗಿಂತ ಮುಂದೆ ಓಡಿದರು. ಚಪ್ಪಲಿಯ ನಂತರ ನಡೆದದ್ದನ್ನು ನೋಡಿದವರು ಯಾರು? ಮಾಸ್ತರರು ಅಲ್ಲೇ ಇದ್ದರು, ಕನ್ನಡಕ ಬಿದ್ದಿತ್ತು. ಬಲಗಡೆಯ ಹಗ್ಗ ಹಿಡಿದ ಪವನ್, ಮಾಸ್ತರರನ್ನು ಎತ್ತಲಿಕ್ಕೆ ಹೋದ. ಉಳಿದವ ನಾನೊಬ್ಬ.

ಪವನ್ ಮೇಲೂ ಮಾತು ಬಂದಿದೆ, ಅವನೂ ಹಗ್ಗ ಬಿಟ್ಟ ಅಂತ. ಅವನಿಗೆ ಹಾಗೆ ಕಲಿಸಿದವ ನಾನು. ಒಂದು ಕಡೆ ಹಗ್ಗ ಹೋದರೆ ಇನ್ನೊಂದು ಕಡೆಯವ ಬಿಡಲೇಬೇಕು. ಇಲ್ಲದಿದ್ದರೆ ಬೇಡ ಗಿರ್ರನೆ ತಿರುಗಿ ಮುಖ ಅಡಿಯಾಗಿ ಬೀಳುತ್ತಾನೆ. ಮತ್ತೆ ತನುಜಾ ಓಡಿದ್ದು? ಬೇಡ ಹಾರುವಾಗ ಮೈಭಾರ ಎಲ್ಲ ಮುಂದಕ್ಕೆ, ಹಗ್ಗದ ಮೇಲೆ ಹಾಕಿರುತ್ತಾನೆ. ನೀವು ಗೋಡೆಗೆ ಒರಗಿ ನಿಂತಾಗ ಯಾರೋ ಗೋಡೆ ತೆಗೆದುಬಿಟ್ಟರೆ ಏನು ಮಾಡುತ್ತೀರಿ? ಅವಳು ಓಡಲಿಲ್ಲ ಸ್ವಾಮಿ. ಬೀಳದ ಹಾಗೆ ಕಾಲು ಹಾಕಿದಳು. ಆ ಕಾಲು ಹೋದ ದಿಕ್ಕಿನಲ್ಲಿ ಮಾಸ್ತರರು ಇದ್ದರು.

ಹಾಗಾದರೆ ಗೋಡೆ ತೆಗೆದವ ಯಾಕೆ ತೆಗೆದ? ಅಂತ ನೀವು ಕೇಳಬೇಕು. ಯಾರಾದರೂ ಕೇಳಿ. ಕೇಳದೇ ಇದ್ದರೂ ಹೇಳುವುದೇ ಸೈ.

ನೀರು ಕುಡಿಯುತ್ತೇನೆ.

ನಿನ್ನೆ ನಾನು ಹೊಸ ಲುಂಗಿ ಉಟ್ಟಿದ್ದೆ. ನೀಲಿ ಬಣ್ಣ, ಜರಿಯಂಥ ಅಂಚು. ಕಾಲೇಜಿನವರು ಫೋಟೋ ತೆಗೆಯುತ್ತಾರೆ, ಈ ಸಲ ಮೊಣಕೈಯ ಜೊತೆ ಬೇರೆ ಏನಾದರೂ ಕಾಣಲಿ ಅಂತ. ದೇವಿ ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದಳು, “ಪ್ಯಾಂಟ್ ಹಾಕ್ಕಂಡ್ ಹೋಗ್ರಿ ಅಂದ್ರೆ ಕೇಳೂದಿಲ್ಲ. ಒಂದ್ ನೀರೂ ಹಾಕ್ದೇ ಹೊಸಾ ಲುಂಗಿ ಉಟ್ರೆ ನಿಲ್ತದಾ?” ಲುಂಗಿ ಉಡುವ ಹಿರಿಯರು ಇಲ್ಲಿ ಇದ್ದಾರೆ, ಅವರಿಗೆ ಅರ್ಥವಾಯಿತು, ಆಗಲೇ ತಲೆ ತಗ್ಗಿಸಿ ನಗುತ್ತಾ ಇದ್ದಾರೆ. ಅಂಗಡಿಯ ಗಂಜಿ ಹೋಗದ ಲುಂಗಿಗೆ ಗಂಟು ಅನ್ನುವುದು ಇಲ್ಲ. ಅದು ಕುಣಿತ ಮುಗಿಯುವವರೆಗೆ ಕಾಯುವುದೂ ಇಲ್ಲ.

ಸಭಿಕರೇ, ಭಗವಂತ ಮನುಷ್ಯನಿಗೆ ಎರಡೇ ಕೈ ಕೊಟ್ಟ. ಬೇಡನ ಹಗ್ಗಕ್ಕೆ ಎರಡೂ ಬೇಕು. ಮಾನಕ್ಕೂ ಎರಡು ಬೇಕು. ಆ ಕ್ಷಣದಲ್ಲಿ ನಾನು ಯೋಚನೆ ಮಾಡಿ ನಿರ್ಧಾರ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೈಗಳು ನನ್ನನ್ನು ಕೇಳಲೇ ಇಲ್ಲ.

ನಗಿ, ನಗಿ. ಪೂರ್ತಿ ನಗಿ. ಮುಗಿದ ಮೇಲೆ ಉಳಿದದ್ದು ಹೇಳುತ್ತೇನೆ.

ಆಯಿತಾ? ಚಪ್ಪಲಿಯ ನಂತರ ನಡೆದದ್ದು ಇದು. ತನುಜಾ ಮಾಸ್ತರರ ಕಾಲಿನ ಹತ್ತಿರ ನಿಂತಳು. ಕತ್ತಿಯನ್ನು ಹಿಂದೆ ಹಿಡಿದು ಬಗ್ಗಿ, ಆ ಮೀಸೆಯಲ್ಲೇ, “ಸರ್, ಪೆಟ್ಟಾಯ್ತಾ?” ಅಂದಳು. ಮಾಸ್ತರರು ಮಲಗಿದಲ್ಲಿಂದಲೇ, “ಯಂಗೆ ಎಂತೂ ಆಜಿಲ್ಲೆ ತಂಗೀ. ಆನೇ ಹೆದ್ರಿ ಬಿದ್ದಿ. ಭಾರೀ ಚೊಲೋ ಮಾಡ್ದೆ” ಅಂದರು. ಅಂದರೆ ತನಗೆ ಏನೂ ಆಗಿಲ್ಲ, ತಾನೇ ಹೆದರಿ ಬಿದ್ದದ್ದು, ನೀನು ಬಹಳ ಚೆನ್ನಾಗಿ ಮಾಡಿದೆ ಅಂತ. ಹೌದಲ್ಲ ಮಾಸ್ತರರೇ? ನೋಡಿ, ಹೌದು ಅನ್ನುತ್ತಾ ಇದ್ದಾರೆ.

ಆಮೇಲೆ ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಮೈದಾನದ ನಡುವೆ ಒಬ್ಬನೇ, ಎರಡು ಕೈಯಲ್ಲಿ ಲುಂಗಿಯ ತುದಿ ಹಿಡಿದು, ಗಂಟು ಹಾಕಲಿಕ್ಕೆ ಒಂದು ಕೈ ಬಿಡಲೂ ಧೈರ್ಯ ಇಲ್ಲದೆ ನಿಂತಿದ್ದೆ. ಓಡಿಹೋದವರು ಗೇಟಿನ ಹತ್ತಿರ ನಿಂತು ಹಿಂದಿರುಗಿ ನೋಡಲಿಕ್ಕೆ ಶುರು ಮಾಡಿದ್ದರು. ಮಣ್ಣಲ್ಲಿ ಎಳೆಯುತ್ತಿದ್ದ ಹಗ್ಗದ ತುದಿಯನ್ನು ಅವಳೇ ಎತ್ತಿಕೊಂಡಳು. ಬೇಡನ ಹೆಜ್ಜೆಯಲ್ಲೇ, ತಮಟೆ ಇಲ್ಲದೆ, ಬರೀ ಗೆಜ್ಜೆಯಲ್ಲಿ ನನ್ನ ಹತ್ತಿರ ಬಂದು, ನನಗೆ ಬೆನ್ನು ಹಾಕಿ ನಿಂತಳು. ಆ ನವಿಲುಗರಿ ಎಷ್ಟು ಅಗಲ ಅಂತ ನೀವು ನೋಡಿದ್ದೀರಿ. ನನ್ನಂಥವನೂ ಅದರ ಹಿಂದೆ ಪೂರ್ತಿ ಮುಚ್ಚಿಹೋದೆ. ಗೇಟಿನ ಕಡೆ ಗರ್ಜಿಸುತ್ತಾ, ಮಧ್ಯದಲ್ಲಿ ಸಣ್ಣಗೆ, “ಮಾವಾ, ಮೊದ್ಲು ಲುಂಗಿ ಕಟ್ಕಳ್ಳಿ. ನಾ ಅಡ್ಡ ನಿತ್ಕಂತೆ” ಅಂದಳು. ಜನ ಎಲ್ಲ ಅವಳನ್ನು ನೋಡುತ್ತಾ ಇದ್ದರು. ನನ್ನನ್ನು ಯಾರೂ ನೋಡಲಿಲ್ಲ. ನಾನು ಕಟ್ಟಿಕೊಂಡೆ. ಎರಡು ಗಂಟು ಹಾಕಿದೆ. ಆಮೇಲೆ ಅವಳು ಹಿಂದೆ ಕೈ ಚಾಚಿ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು.

ನಾನು ಇಷ್ಟು ಹೋಳಿ ನೋಡಿದ್ದೇನೆ. ಬೇಡನೇ ಹಗ್ಗ ಎತ್ತಿ ತಂದು ಹಿಡಿದವನ ಕೈಗೆ ಕೊಟ್ಟದ್ದು ನಾನು ನೋಡಿದ್ದಿಲ್ಲ.

ಸಂಜೆ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ ಆಯಿತು. “ಯಾಕಮ್ಮಾ ಅತಿಥಿಗಳ ಮೇಲೆ ಹಾರಿದೆ?” ಅಂತ ಸಾಹೇಬರು ಕೇಳಿದರು. “ಹುರುಪು ಜಾಸ್ತಿ ಆಯ್ತು ಸರ್” ಅಂದಳು. ಅಷ್ಟೇ. ನಾನು ಎಲ್ಲಿದ್ದೆ? ಪಕ್ಕದಲ್ಲೇ ಇದ್ದೆ. ಯಾಕೆ ಮಾತಾಡಲಿಲ್ಲ? ಬಾಯಲ್ಲಿ ಎಲೆಯಡಿಕೆ ಇತ್ತು ಅಂತ ಇಟ್ಟುಕೊಳ್ಳಿ. ಇರಲಿಲ್ಲ, ಆದರೂ ಇಟ್ಟುಕೊಳ್ಳಿ.

ಹೊರಗೆ ಬಂದು ಕೇಳಿದೆ, “ಯಾಕೆ ಹೇಳಲಿಲ್ಲ ಮಾರಾಯ್ತಿ?” ಅವಳು ನಕ್ಕು, “ಹೇಳಿದ್ರೆ ನಾಳಿಂದ ನಿಮ್ಮ ಗಾಡಿ ಹತ್ರ ಹುಡುಗ್ರೆಲ್ಲಾ ಎಂತ ಕರೀತಾರೆ ಗೊತ್ತಿದ್ಯಾ? ಧಾರವಾಡ ಮುಂದಿನ ವರ್ಷನೂ ಇರ್ತದೆ, ಬಿಡಿ” ಅಂದಳು. ಗಾಡಿ ಮುಚ್ಚಿ ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು. ಅವಳದ್ದು ಕೊನೆಯ ವರ್ಷ. ಮುಂದಿನ ವರ್ಷ ಧಾರವಾಡ ಇರುತ್ತದೆ, ಅವಳು ಕಾಲೇಜಿನಲ್ಲಿ ಇರುವುದಿಲ್ಲ. ನಾಲ್ಕನೇ ಇಯತ್ತೆಯ ಲೆಕ್ಕ, ಅರ್ಧ ದಾರಿ ಬೇಕಾಯಿತು.

ಮನೆಯಲ್ಲಿ ದೇವಿ ಲುಂಗಿಯ ಮಣ್ಣು ನೋಡಿದಳು, ನನ್ನ ಮುಖ ನೋಡಿದಳು, ಎಲ್ಲ ಬಾಯಿ ಬಿಡಿಸಿದಳು. ನಾನು ಅಂದೆ, “ಹೇಳಿದ್ರೆ ನನ್ನ ಮಾನ ಹೋಗ್ತದಲ್ಲೇ.” ಅವಳು ಅನ್ನಕ್ಕೆ ಸಾರು ಬಡಿಸುತ್ತಾ, “ಹೌದು, ಮಾನ ನಿಮಗೊಬ್ರಿಗೇ ಇರೂದು. ಆ ಕೂಸಿಗೆ ಇಲ್ಲ ಅಲ್ದಾ?” ಅಂದಳು. ಸಾರಿಗೆ ಉಪ್ಪು ಹಾಕಿರಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಆದ್ದರಿಂದ ಕಮಿಟಿಯವರೇ, ಕ್ಷಮೆ ಕೇಳು ಅಂದಿರಿ, ಕೇಳುತ್ತೇನೆ. ಆದರೆ ತನುಜಾ ಪರವಾಗಿ ಅಲ್ಲ, ಲುಂಗಿಯ ಪರವಾಗಿ. ಶಿಸ್ತು ತಪ್ಪಿದ್ದು ಲುಂಗಿ. ಅದನ್ನು ಬೇಕಿದ್ದರೆ ಧಾರವಾಡಕ್ಕೆ ಕಳಿಸಬೇಡಿ. ಹಗ್ಗ ಹಿಡಿಯಲಿಕ್ಕೆ ಪವನ್ ಇದ್ದಾನೆ, ಜೊತೆಗೆ ಸರಿಯಾಗಿ ಪ್ಯಾಂಟು ಹಾಕುವ ಇನ್ನೊಬ್ಬ ಸಿಗುತ್ತಾನೆ. ಬೇಡ ಮಾತ್ರ ಇನ್ನೊಬ್ಬ ಸಿಗುವುದಿಲ್ಲ. ಬೇಕಾದರೆ ಬಿದ್ದವರನ್ನೇ ಕೇಳಿ.

ಹಾಂ? ಬಾಗಿಲಲ್ಲಿ ಊಟದ ಜವಾಬ್ದಾರಿಯ ಉಲ್ಲಾಸ ಸೌಟು ಹಿಡಿದು ನಿಂತಿದ್ದಾನೆ. “ಕೆರಿಯಣ್ಣಾ, ಸಾಕ್ ಮಾಡೋ! ಎಲೆ ಹಾಕಾಯ್ತು, ಪಾಯಸ ಗಟ್ಟಿಯಾಗ್ತದೆ!” ಬಂದೆ ಮಾರಾಯಾ, ಬಂದೆ.

ಇದನ್ನೂ ಮೊಬೈಲಿನಲ್ಲಿ ತೆಗೆಯುತ್ತಾ ಇದ್ದೀರಲ್ಲ? ಇದನ್ನಾದರೂ ಅರ್ಧಕ್ಕೆ ನಿಲ್ಲಿಸಬೇಡಿ. ಪ್ರಾಂಶುಪಾಲರು ಮುಖಕ್ಕೆ ಕರವಸ್ತ್ರ ಹಿಡಿದಿದ್ದಾರೆ, ಭುಜ ಮಾತ್ರ ಕುಣಿಯುತ್ತಾ ಇದೆ. ಅವರ ಭುಜವನ್ನೂ ತೆಗೆಯಿರಿ, ಕಮಿಟಿಯಲ್ಲಿ ಬೇಕಾಗುತ್ತದೆ. ತನುಜಾ, ನೀನು ಹಿಂದೆ ಅಡಗಿ ಕೂತದ್ದು ಕಾಣುತ್ತಾ ಇದೆ. ನಾಳೆಯಿಂದ ಹುಡುಗರು ನನ್ನನ್ನು ಎಂತ ಬೇಕಾದರೂ ಕರೆಯಲಿ, ಕರೆದವರಿಗೆ ಶುಂಠಿ ಹಾಕುವುದಿಲ್ಲ, ಅಷ್ಟೇ. ನಿನ್ನ ಗ್ಲಾಸಿಗೆ ಯಾವತ್ತೂ ಹಾಕುತ್ತೇನೆ.

ಕೂತು ಕೇಳಿದವರಿಗೆ, ನಕ್ಕವರಿಗೆ, ಬಿದ್ದವರಿಗೆ, ಎಲ್ಲರಿಗೂ ಉಪಕಾರ ಆಯಿತು. ನಿನ್ನೆ ಸಭೆ ಮುಗಿದಾಗ ಎಲ್ಲರೂ ಕೈ ಮುಗಿದರು, ನಾನೊಬ್ಬ ಮುಗಿಯಲಿಲ್ಲ, ದೊಡ್ಡಸ್ತಿಕೆ ಅಂತ ಯಾರೋ ಅಂದರಂತೆ. ಎರಡು ಗಂಟು ಹಾಕಿದರೂ ನಂಬಿಕೆ ಬಂದಿರಲಿಲ್ಲ, ಕೈ ಸೊಂಟದ ಮೇಲೇ ಇತ್ತು. ಇವತ್ತು ದೇವಿ ತನ್ನ ತಮ್ಮನ ಪ್ಯಾಂಟು ತಂದು ಹಾಕಿಸಿ, ಬೆಲ್ಟು ಅವಳೇ ಬಿಗಿದು ಕಳಿಸಿದ್ದಾಳೆ. ಆದ್ದರಿಂದ ಸಭಿಕರೇ, ಎರಡೂ ಕೈ ಎತ್ತಿ, ಪೂರ್ತಿ ಜೋಡಿಸಿ ಮಾಡುತ್ತೇನೆ. ನೋಡಿ.

ನಮಸ್ಕಾರ.