ರವೆ ಉಂಡೆಯ ಪರಮಾಣು

ಜಯನಗರ ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಕೂತಿದ್ದ ಚೂಡಾಮಣಿ, ಪಕ್ಕದ ಮಾತು ಕಿವಿಗೆ ಬಿದ್ದು ಪತ್ರಿಕೆ ಮಡಿಚಿದರು. ಯೂನಿಫಾರ್ಮಿನ ಹುಡುಗಿಯೊಬ್ಬಳು ರಟ್ಟಿನ ಪೆಟ್ಟಿಗೆ ತೆರೆದು ತನ್ನ ತಾತನನ್ನು ದುರುಗುಟ್ಟಿ ನೋಡುತ್ತಿದ್ದಳು.

“ತಾತಾ, ಥಾಮ್ಸನ್ ಎಲ್ಲಿ?”

“ಯಾರಮ್ಮ ಅದು?”

“ಸೈಂಟಿಸ್ಟು! ಅವ್ರದೇ ಎರಡನೇ ಮಾಡೆಲ್, ದ್ರಾಕ್ಷಿ ಚುಚ್ಚಿದ್ದ ರವೆ ಉಂಡೆ!”

“ಓ, ಅದಾ? ಚೆನ್ನಾಗಿತ್ತು ಕಣೆ.”

“ತಿಂದ್ಬಿಟ್ಯಾ? ಶುಗರ್ ಇಟ್ಕೊಂಡು? ಅದು ಪರಮಾಣು ತಾತ! ಉಂಡೆಯೆಲ್ಲ ಪಾಸಿಟಿವ್, ದ್ರಾಕ್ಷಿ ಎಲೆಕ್ಟ್ರಾನು.”

“ಆ ಮಾಡೆಲ್ ತಪ್ಪು ಅಂತ ನಿನ್ನೆ ನೀನೇ ಓದ್ತಿದ್ಯಲ್ಲ. ತಪ್ಪಾಗಿರೋದು ಹೋದ್ರೆ ಏನೀಗ?”

“ತಪ್ಪಾದ್ರೂ ಬೇಕು! ಆಮೇಲೆ ಒಂದು ಪ್ರಯೋಗದಲ್ಲಿ ಚಿನ್ನದ ಹಾಳೆಗೆ ಹೊಡೆದ ಕಣಗಳಲ್ಲಿ ಕೆಲವು ವಾಪಸ್ ಬಂದ್ವು. ಪರಮಾಣು ಉಂಡೆ ಥರ ಇದ್ದಿದ್ರೆ ಬರ್ತಿರ್ಲಿಲ್ಲ. ಉಂಡೇನೇ ಇಲ್ದೆ ಇದನ್ನ ಹೆಂಗೆ ಹೇಳ್ಲಿ? ಹತ್ತು ಗಂಟೆಗೆ ಸೈನ್ಸ್ ಎಕ್ಸಿಬಿಷನ್‌ಗೆ ಜಡ್ಜ್ ಬರ್ತಾರೆ.”

ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದ್ದ ಚೂಡಾಮಣಿ, ಮನಸ್ಸಿನಲ್ಲೇ ಶಭಾಷ್ ಎಂದರು. ತಾತ ಎದ್ದು ಎದುರಿನ ಬೇಕರಿಗೆ ಹೋಗಿ ಬಂದರು.

“ತಗೋ, ಟೂಟಿ ಫ್ರೂಟಿ ಬನ್. ಎಲೆಕ್ಟ್ರಾನ್ ಕೆಂಪು, ಹಸಿರು ಇದ್ರೆ ನಡಿಯುತ್ತಾ?”

“ನಡಿಯುತ್ತೆ.” ಹುಡುಗಿ ನಕ್ಕಳು. “ಎರಡ್ಯಾಕೆ?”

“ಒಂದು ಜಡ್ಜ್ ನೋಡೋಕೆ.”

“ಇನ್ನೊಂದು?”

ಅಷ್ಟರಲ್ಲಿ ಬನಶಂಕರಿ ಬಸ್ಸು ಬಂತು. ಅವಳು ಎರಡೂ ಬನ್ನುಗಳನ್ನು ಪೆಟ್ಟಿಗೆಯೊಳಗಿಟ್ಟು, ಮುಚ್ಚಳವನ್ನು ಬಿಗಿಯಾಗಿ ಒತ್ತಿ ಹಿಡಿದು, ತಾತನನ್ನು ಮೊದಲು ಹತ್ತಿಸಿದಳು.